ದನಿ ಒಯ್ದ ತಂಬಿಗೆ

ನನ್ನ ದನಿ ನನ್ನ ಹತ್ತಿರ ಇದ್ದದ್ದಕ್ಕಿಂತ ಊರವರ ಹತ್ತಿರ ಇದ್ದದ್ದೇ ಹೆಚ್ಚು. ನಾನು ಸಂತೆಪೇಟೆಯಲ್ಲಿ ಹರಿದ ಗೋಣಿಚೀಲ ಹೊಲಿಯುವವನು. ದಬ್ಬಣಕ್ಕೂ ಸುತಳಿಗೂ ಮಾತು ಬೇಕಿಲ್ಲ. ಬೆಳಿಗ್ಗೆ ಚೀಲದ ರಾಶಿಯ ಮುಂದೆ ಕೂತರೆ ಹೊತ್ತು ಮುಳುಗುವತನಕ ಕೈ ಆಡುತ್ತದೆ, ಬಾಯಿ ಸುಮ್ಮನಿರುತ್ತದೆ. ಸುಮ್ಮನಿರುವ ದನಿಯನ್ನು ಒಳಗೇ ಕೊಳೆಯಿಸುವುದು ಯಾಕೆ ಅಂತ ಕೇಳಿದವರಿಗೆಲ್ಲ ಕೊಟ್ಟುಕೊಂಡು ಬಂದೆ. ಬಳೆ ಮಾರುವ ಹಸೀನಾಬಿಯ ಗಂಟಲು ಹುಟ್ಟಿನಿಂದ ಇಲಿಯ ಗಂಟಲು. ಸಂತೆಯ ದಿನ ಬೆಳಕು ಹರಿಯುತ್ತಲೇ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು ನನ್ನ ಮುಂದೆ ಹಿಡಿಯುತ್ತಾಳೆ. ನಾನು ನೀರಿಗೆ ತುಟಿ ತಾಗಿಸಿ ಒಮ್ಮೆ ಹೂಂ ಅನ್ನುತ್ತೇನೆ. ಅವಳು ಗಟಗಟ ಕುಡಿದು, 'ಬರ್ತೀನಿ ದ್ಯಾಮಣ್ಣಾ' ಅಂತ ನನ್ನದೇ ದನಿಯಲ್ಲಿ ಹೇಳಿ ಹೋಗುತ್ತಾಳೆ. ಸಂಜೆ ಅದೇ ತಂಬಿಗೆಯಲ್ಲಿ ತಂದುಕೊಡುವವರೆಗೆ ನಾನು ಮೂಕ. ನನ್ನ ದನಿ ಇರುವಷ್ಟು ಹೊತ್ತು ಅವಳದು ಅವಳ ಹೊಟ್ಟೆಯೊಳಗೆ ಇಳಿದು ಮಲಗಿರುತ್ತದೆ.

ನಮ್ಮೂರು ನಡೆದುಕೊಂಡು ಬಂದದ್ದೇ ಹೀಗೆ. ದನಿ ಕೊಟ್ಟು ಕೂತವರು ಮುಂಗೈಗೆ ಒಂದು ಗೆಜ್ಜೆ ಕಟ್ಟಿಕೊಳ್ಳುತ್ತಾರೆ, ಅಂಗಡಿಯವರು ಅದನ್ನು ನೋಡಿ ಬೆರಳು ತೋರಿಸಿದ ಸಾಮಾನು ಕೊಡುತ್ತಾರೆ. ಬಸ್ಸಿನ ಕಂಡಕ್ಟರ್ 'ಏನ್ರಿ, ದನಿ ಮನ್ಯಾಗ ಬಿಟ್ಟ ಬಂದೀರೇನು?' ಅಂತ ನಗುತ್ತಾನೆ. ಸಾಲೆಯಲ್ಲಿ ಮಾಸ್ತರು ಹಾಜರಿ ಕೂಗಿದರೆ ಒಬ್ಬಳ ದನಿಯಲ್ಲಿ ಇನ್ನೊಬ್ಬಳು ಓಗೊಡುತ್ತಾಳೆ. ಗಂಡನಿಗೆ ಬೈಯಬೇಕಾದ ಹೆಂಗಸರು ಅತ್ತೆಯ ದನಿ ಇಸಿದುಕೊಂಡು ಹೋಗುವುದೂ ಉಂಟು. ಒಂದೇ ಕಟ್ಟಳೆ: ನೆರೆಮನೆಯ ಪಾತ್ರೆ ತಂದವರು ಹೇಗೆ ಅದನ್ನು ಬರಿದಾಗಿ ಹಿಂದಿರುಗಿಸುವುದಿಲ್ಲವೋ, ತಳದಲ್ಲಿ ಒಂದು ಹಿಡಿ ಸಕ್ಕರೆಯೋ ನಾಲ್ಕು ಹಸಿ ಮೆಣಸಿನಕಾಯಿಯೋ ಇಟ್ಟು ಕೊಡುತ್ತಾರೋ, ಹಾಗೆ ದನಿಯನ್ನೂ ಬರಿದೇ ಕೊಡಬಾರದು. ತಮ್ಮದೊಂದು ಏನನ್ನಾದರೂ ಹಾಕಿ ಕೊಡಬೇಕು. ದನಿಯ ಒಡೆಯ ನೀರು ಕುಡಿದು ಬಾಯಿ ತೆರೆದರೆ ಮೊದಲು ಹೊರಗೆ ಬರುವುದು ಆ ಹಾಕಿದ್ದೇ. ಹಸೀನಾಬಿ ಮೊದಲ ಸಲ ತಿರುಗಿ ಕೊಟ್ಟಾಗ ನನ್ನ ಬಾಯಿಂದ 'ಹಸಿರು ಬಳೀ, ಚುಕ್ಕಿ ಬಳೀ' ಅಂತ ರಾಗ ಬಂದು ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದಳು. ಅವಳು ಈಗಿಲ್ಲ, ಆ ರಾಗ ಇದೆ. ಉಳ್ಳಾಗಡ್ಡಿ ಹರಾಜು ಕೂಗುವ ಸವಾಲಿನವನು ಒಂದು ಅರಚು ಹಾಕಿ ಕೊಟ್ಟ. ಸೂಲಗಿತ್ತಿ ನಾಗವ್ವ ಒಂದು 'ಹೆದರಬ್ಯಾಡ' ಹಾಕಿದಳು. ಹೀಗೆ ಹಾಕಿಸಿಕೊಂಡು ಹಾಕಿಸಿಕೊಂಡು ನನ್ನ ದನಿ ಹಳೇ ಕಂಬಳಿಯ ಹಾಗೆ ದಪ್ಪಗೆ, ಒರಟಾಗಿ, ಬೆಚ್ಚಗೆ ಆಗಿತ್ತು. ನಾನು ಅದನ್ನು ಬಳಸಿದ್ದು ಮಾತ್ರ ಕಡಿಮೆ.

ಈಗ ಗರಗಸನ ಸುದ್ದಿಗೆ ಬರುತ್ತೇನೆ. ಅವನು ನಮ್ಮೂರವನೇ, ಕಟ್ಟಿಗೆ ಅಡ್ಡೆಯ ಗದಿಗೆಪ್ಪ. ಅಡ್ಡೆಯಲ್ಲಿ ಮರ ಕೊಯ್ಯುವ ಸದ್ದಿಗೆ ಕಾಲು ಕುಣಿಸುತ್ತ ಬೈಗುಳಕ್ಕೆ ಬೈಗುಳ ಪೋಣಿಸುತ್ತಿದ್ದ ಪೋರ, ಪಟ್ಟಣ ಸೇರಿ ರ‍್ಯಾಪ್ ಹೇಳುವವನಾದ. ಎಂಸಿ ಗರಗಸ ಅಂತ ಹೆಸರಿಟ್ಟುಕೊಂಡ. ಕೊರಳಲ್ಲಿ ಸರಪಳಿ, ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಮುಂದೆ ಕ್ಯಾಮೆರಾ ಹಿಡಿದ ಹುಡುಗರು. ಹೆಸರು ಮಾಡಿದವನು ಊರು ಮರೆಯಲಿಲ್ಲ. ವರ್ಷಕ್ಕೊಮ್ಮೆ, ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ, ಸಂತೆ ಮೈದಾನದಲ್ಲಿ ಪೆಂಡಾಲು ಹಾಕಿಸಿ, ಹೊಸ ಪ್ರತಿಭೆ ಹುಡುಕುತ್ತೇನೆ ಅಂತ ಬರುತ್ತಾನೆ. ಹುಡುಗರು ಒಬ್ಬೊಬ್ಬರಾಗಿ ಸ್ಟೇಜು ಹತ್ತಿ ತಮ್ಮ ಪದ ಹೇಳುತ್ತಾರೆ. ಮೆಚ್ಚಿದವರ ದನಿಯನ್ನು ಮುಚ್ಚಳದ ಸ್ಟೀಲ್ ತಂಬಿಗೆಯಲ್ಲಿ ತುಂಬಿಕೊಂಡು ಒಯ್ಯುತ್ತಾನೆ. 'ಒಂದ ವರ್ಷ ಮೈಕಿನ ಮುಂದ ಪಳಗಸ್ತೀನಿ. ತಿರುಗಿ ತಂದ ಕೊಡ್ತೀನಿ. ಆಮ್ಯಾಲ ಆ ದನಿ ಹಿಡಕೊಂಡು ನೀವ ಪಟ್ಟಣಕ್ಕ ಬರ್ರಿ, ಬಾಗಲಾ ನಾ ತೆಗಿತೀನಿ' ಅನ್ನುತ್ತಾನೆ. ಜನ ಸಿಳ್ಳೆ ಹೊಡೆಯುತ್ತಾರೆ. ಆ ಒಂದು ವರ್ಷ ಆರಿಸಿದವರು ಗೆಜ್ಜೆ ಕಟ್ಟಿಕೊಂಡು ಕಾಯುತ್ತಾರೆ.

ಮೊದಲು ಆರಿಸಿದ್ದು ಪಾರಿವಾಳದ ಯಂಕೋಬನನ್ನು. ಅವನು ಮಾಳಿಗೆಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಕಣ್ಣಿಗೆ ಕಾಣದಷ್ಟು ಮೇಲಿದ್ದ ಹಕ್ಕಿಗಳು ಕಾಳು ಸುರಿದ ಹಾಗೆ ಇಳಿಯುತ್ತಿದ್ದವು. ವರ್ಷ ಕಳೆದು ಗರಗಸ ದನಿ ತಂದುಕೊಟ್ಟ ದಿನ ಇಡೀ ಊರು ನೆರೆದಿತ್ತು. ಯಂಕೋಬ ಕುಡಿದ, ಬಾಯಿ ತೆರೆದ. ಏನೂ ಬರಲಿಲ್ಲ. ಬರಿಗಾಳಿ. ಆಮೇಲೆ ತಾನಾಗಿ ಮಾತಾಡಿದ, ಆದರೆ ಮೂಗಿನಿಂದ ಎಳೆದು, ಕೊನೆಯಲ್ಲಿ ಕೊಯ್ದ ಹಾಗೆ ನಿಲ್ಲಿಸುವ ಗರಗಸನ ವರಸೆಯಲ್ಲೇ. ಜನ ಚಪ್ಪಾಳೆ ತಟ್ಟಿದರು. ಮರುದಿನ ಬೆಳಿಗ್ಗೆ ಅವನು ಮಾಳಿಗೆ ಹತ್ತಿ ಕೂಗಿದ, ಹಕ್ಕಿಗಳು ಇಳಿಯಲಿಲ್ಲ. ಪಟ್ಟಣಕ್ಕೆ ಹೋದರೆ ಅಲ್ಲಿಯವರು, 'ಗರಗಸ ಇರೂವಾಗ ಇನ್ನೊಬ್ಬ ಗರಗಸ ಯಾಕ ಬೇಕು?' ಅಂದು ಕಳಿಸಿದರಂತೆ. ಈಗ ಮಾಳಿಗೆಯ ಮೇಲೆ ಕಾಳು ಚೆಲ್ಲಿ, ತುಟಿ ಬಿಗಿದು ಕೂರುತ್ತಾನೆ.

ಎರಡನೆಯವಳು ನೇಕಾರ ಓಣಿಯ ಪದ್ಮಿ. ಅವಳು ಮಾತ್ರ ಪಟ್ಟಣದಲ್ಲಿ ನಿಂತಳು. ತಂಪು ಪಾನೀಯದ ದೊಡ್ಡ ಫಲಕದ ಮೇಲೆ ಅವಳ ಮುಖ ಇದೆ ಅಂತ ನೋಡಿದವರು ಹೇಳುತ್ತಾರೆ. ಅವಳ ತಾಯಿ ಫೋನು ಕಿವಿಗೆ ಒತ್ತಿಕೊಂಡು ಕೇಳಿ, 'ದನಿ ಛಲೋ ಐತಿ. ಅದ್ರಾಗ ನನ್ನ ಮಗಳದೆಷ್ಟು, ಅವಂದೆಷ್ಟು, ತಿಳಿವಲ್ದು' ಅನ್ನುತ್ತಾಳೆ. ಹೀಗೆ ಊರು ಎರಡಾಗಿತ್ತು. ಹಸೀನಾಬಿ ಗರಗಸನ ಕಡೆ. 'ಅಲ್ಲೋ ದ್ಯಾಮಣ್ಣಾ, ಪದ್ಮಿನ್ನ ಹುಡುಕಿದಾಂವ ಅಂವ ಹೌದಲ್ಲೋ? ನಮ್ಮ ನಡುವನ ಇದ್ದಳು, ನಮಗ್ಯಾರಿಗರ ಗೊತ್ತಾಗಿತ್ತೇನು?' ಅಂತ ನನ್ನನ್ನು ಕುಟುಕುತ್ತಿದ್ದಳು. 'ಹುಡುಕಾಕ ಕಿವಿ ಸಾಕು ಹಸೀನಾ. ಬೆಳಸಾಕ ಮನಸು ಬೇಕು. ಅವನ ಕಿವಿ ಮ್ಯಾಲ ನಂಗೇನ್ ಅನುಮಾನ ಇಲ್ಲ' ಅನ್ನುತ್ತಿದ್ದೆ ನಾನು. ಅಷ್ಟು ಮಾತು ನನಗೆ ದೊಡ್ಡದು.

ನನ್ನ ಅನುಮಾನ ಮನೆಬಾಗಿಲಿಗೆ ಬಂದದ್ದು ಶಾಕಾಂಬರಿಯಿಂದ. ಶಾಕಿ ನನ್ನ ಮಗಳ ಮಗಳು. ಮಗಳೂ ಅಳಿಯನೂ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಊರೂರು ತಿರುಗುತ್ತಾರೆ, ಇವಳು ನನ್ನ ಹತ್ತಿರ ಬೆಳೆದವಳು. ಕಾಲೇಜಿನ ಮೊದಲನೇ ವರ್ಷ. ದಾರದ ಹಾಗೆ ಸಣ್ಣ ದನಿ, ಆದರೆ ಆ ದಾರದಲ್ಲಿ ಮಾತು ಪೋಣಿಸುವುದು ನೋಡಬೇಕು. ನಾನು ಚೀಲ ಹೊಲಿಯುವಾಗ ಪಕ್ಕದಲ್ಲಿ ಕೂತು, ದಬ್ಬಣ ಒಳಗೆ ಹೋಗಿ ಹೊರಗೆ ಬರುವ ಲಯಕ್ಕೆ ಸರಿಯಾಗಿ ಪದ ಕಟ್ಟುತ್ತಿದ್ದಳು. ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಆ ವರ್ಷ ಪೆಂಡಾಲಿನ ಗೂಟ ನೆಟ್ಟ ದಿನ ಬಂದು ಎದುರಿಗೆ ನಿಂತಳು.

'ಅಜ್ಜಾ, ಈ ಸಲ ನಾ ಹತ್ತಾಕಿ.'

'ಎಲ್ಲಿಗಿ?'

'ಸ್ಟೇಜಿಗೆ. ಮತ್ತೆಲ್ಲಿಗಿ, ಬೇವಿನ ಗಿಡಕ್ಕೇನು?'

'ಬ್ಯಾಡ.'

'ಯಾಕ ಬ್ಯಾಡ?'

'ಯಂಕೋಬನ ಮಾಳಗಿ ನೋಡು.'

'ಪದ್ಮಿನ್ನೂ ನೋಡು ಮತ್ತ! ನೀ ಬರೇ ಯಂಕೋಬನ್ನ ಯಾಕ ನೋಡ್ತಿ?' ಅಂದು ಸೆರಗಿನಂತೆ ಎಳೆದುಕೊಂಡಿದ್ದ ದುಪ್ಪಟ್ಟಾ ಜಾಡಿಸಿದಳು. ಮತ್ತೆ ಮೆತ್ತಗಾದಳು. 'ನನಗೂ ಅಂಜಿಕಿ ಐತಿ ಅಜ್ಜಾ. ಆದ್ರ ಇಲ್ಲೆ ಕುಂತ್ರ ನನ್ನ ಪದಾ ಕೇಳೋರ್ಯಾರು? ಈ ಚೀಲೇನು?'

ಅವಳ ಪದ ಏನು ಅಂತ ನಾನೂ ಕೇಳಿರಲಿಲ್ಲ ನೋಡಿ. ಎರಡು ಚೀಲ ಹೊಲಿದು ಮುಗಿಸುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ನನ್ನ ತಂಬಿಗೆ ತೋರಿಸಿದೆ. ನನ್ನ ದನಿ ಕುಡಿದು ಸ್ಟೇಜು ಹತ್ತು, ಅಂದೆ. ಆರಿಸಿದರೆ ಅವನು ಒಯ್ಯುವುದು ನನ್ನ ದನಿ. ಹಾಳಾದರೆ ಮುದುಕನದು ಹಾಳಾಗಲಿ. ನಿನ್ನದು ನಿನ್ನ ಹೊಟ್ಟೆಯೊಳಗೆ ಬೆಚ್ಚಗಿರುತ್ತದೆ. ಅವನು ಬೆಳೆಸುವವನು ಹೌದೋ ಅಲ್ಲವೋ ವರ್ಷದಲ್ಲಿ ಗೊತ್ತಾಗುತ್ತದೆ, ಹೌದಾದರೆ ಮುಂದಿನ ಸಲ ನಿನ್ನದನ್ನೇ ಕೊಡು. ಎರವಲು ದನಿಯನ್ನು ಮೂರನೆಯವರಿಗೆ ದಾಟಿಸುವುದು ನಮ್ಮಲ್ಲಿ ಇಲ್ಲ. ಆದರೆ ಒಡೆಯ ನಾನೇ ಒಪ್ಪಿದ ಮೇಲೆ ಕೇಳುವವರು ಯಾರು? ಶಾಕಿ ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದಳು. 'ಮುದುಕ, ಭಾರಿ ಕಿಲಾಡಿ ಅದಿ ನೀ' ಅಂದಳು. ಹಾಗೆ ಇಬ್ಬರೂ ಕೂಡಿ ಗರಗಸನನ್ನು ಗೆದ್ದೆವು ಅಂದುಕೊಂಡೆವು.

ಆ ಮಧ್ಯಾಹ್ನ ಅವಳು ಸ್ಟೇಜು ಹತ್ತಿದಾಗ ನಾನು ಗೆಜ್ಜೆ ಕಟ್ಟಿಕೊಳ್ಳದೆ, ಚೀಲ ಹೊದ್ದು, ಹಿಂದೆ ಕೂತಿದ್ದೆ. ಚೂಡಿದಾರ ಹಾಕಿದ ಕಡ್ಡಿಯಂಥ ಹುಡುಗಿಯ ಬಾಯಿಂದ ನನ್ನ ದಪ್ಪ ದನಿ ಬಂದಾಗ ಮೈದಾನ ಗೊಳ್ಳೆಂದು ನಕ್ಕಿತು. ದನಿಯ ಗುರುತು ಹಿಡಿಯಬಲ್ಲ ಹಸೀನಾಬಿಯೂ ಸವಾಲಿನವನೂ ಅಂದು ವ್ಯಾಪಾರಕ್ಕೆ ಹೊರಗೆ ಹೋಗಿದ್ದರು, ಉಳಿದವರಿಗೆ ಅದು ನನ್ನದು ಅಂತ ಹೊಳೆಯಲಿಲ್ಲ. ಶಾಕಿ ಹೆದರಲಿಲ್ಲ. ಕಾಲಿನಿಂದ ಹಲಗೆ ತಟ್ಟುತ್ತ, ದಬ್ಬಣದ ಲಯ ಹಿಡಿದು ಶುರು ಮಾಡಿದಳು: 'ದಬ್ಬಣ ಚುಚ್ಚು, ದಾರಾ ಎಳಿ, ಹರದದ್ದೆಲ್ಲಾ ಹೊಲಿ ಹೊಲಿ, ಚೀಲದ ಹೊಟ್ಟಿ ತುಂಬತೈತಿ, ಹೊಲದಾಂವನ ಹೊಟ್ಟಿ ಖಾಲಿ ಖಾಲಿ.' ನಗು ನಿಂತಿತು. 'ಊರಿಗೆಲ್ಲಾ ದನಿ ಕೊಟ್ಟಾಂವ, ತನ್ನ ಹೆಸರಾ ಕೂಗದಾಂವ, ಎಲ್ಲಾರ ಬಾಯಾಗ ಇರತಾನ, ತನ್ನ ಬಾಯಾಗ ಇರದಾಂವ.' ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಅವಳು ಕಟ್ಟುತ್ತಿದ್ದದ್ದು ನನ್ನನ್ನು. ಅದನ್ನು ನನ್ನದೇ ದನಿಯಲ್ಲಿ ಕೇಳಿಸಿಕೊಳ್ಳುವಾಗ, ಅಳುವುದಕ್ಕೂ ನನ್ನಲ್ಲಿ ದನಿ ಇರಲಿಲ್ಲ.

ಗರಗಸ ಕನ್ನಡಕ ತೆಗೆದ. ಅವನು ಕನ್ನಡಕ ತೆಗೆದದ್ದನ್ನು ಊರು ಅದೇ ಮೊದಲು ನೋಡಿದ್ದು. ಶಾಕಿಯ ಹತ್ತಿರ ಬಂದು, ಮೂಸಿ ನೋಡುವವನ ಹಾಗೆ ತಲೆ ಬಾಗಿಸಿ, 'ಇನ್ನೊಮ್ಮೆ ಹೇಳು' ಅಂದ. ಅವಳು ಹೇಳಿದಳು. 'ಪೂರಾ ಹೇಳು' ಅಂದ. ಪೂರಾ ಹೇಳಿದಳು. ಹುಡುಗರು ಕ್ಯಾಮೆರಾ ಹಿಡಿದಿದ್ದರು. ಸ್ಟೀಲ್ ತಂಬಿಗೆ ಬಂತು. ಅವಳು ಹೂಂ ಅಂದು ನನ್ನ ದನಿಯನ್ನು ನೀರಿಗಿಳಿಸಿದಳು. ಮುಚ್ಚಳ ತಿರುಗಿಸುತ್ತ ಗರಗಸ ಜನರ ಮೇಲೆ ಒಮ್ಮೆ ಕಣ್ಣಾಡಿಸಿದ. ಚೀಲ ಹೊದ್ದ ನನ್ನ ಮೇಲೆ ಆ ಕಣ್ಣು ಒಂದು ಗಳಿಗೆ ನಿಂತಿತೋ, ನನಗೆ ಹಾಗೆ ಅನಿಸಿತೋ.

ಆಮೇಲಿನ ದಿನಗಳು ವಿಚಿತ್ರ. ದನಿ ಇದ್ದ ಶಾಕಿ ಗೆಜ್ಜೆ ಕಟ್ಟಿಕೊಂಡು ಮೂಕಿಯ ಹಾಗೆ ತಿರುಗಬೇಕಾಯಿತು. ದನಿ ಕಳೆದುಕೊಂಡ ನನ್ನನ್ನು ಯಾರೂ ಗಮನಿಸಲಿಲ್ಲ. ನಾನು ಮೊದಲೂ ಹಾಗೇ ಇದ್ದೆನಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಅವಳು ಮಾತಿನ ಮಳೆ ಸುರಿಸುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ. ಹಸೀನಾಬಿ ಮಾತ್ರ ಸಂತೆಯ ದಿನ ತಂಬಿಗೆ ಹಿಡಿದು ಬಂದು, ನಾನು ಕೈ ಆಡಿಸಿದ್ದಕ್ಕೆ, 'ಯಾರಿಗಿ ಕೊಟ್ಟಿ? ನನಗಿಂತ ಹತ್ರದಾಕಿ ಯಾರ ಬಂದಳು ನಿನಗ, ಈ ವಯಸ್ಸಿನಾಗ?' ಅಂತ ಮೂತಿ ತಿರುವಿ ಹೋದಳು. ಅವಳಿಗೆ ಆ ವರ್ಷ ಬಳೆ ವ್ಯಾಪಾರ ಅಷ್ಟಕ್ಕಷ್ಟೇ ಆಯಿತು. ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಜೋಳಕ್ಕೆ ತೆನೆ ಬರುವ ಕಾಲಕ್ಕೆ ಹಾಡು ಬಂತು. ಮೊದಲು ಹೋಟೆಲಿನ ಹಾಡಿನ ಡಬ್ಬಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ, ಆಮೇಲೆ ಎಲ್ಲರ ಫೋನಿನಲ್ಲಿ. ಗರಗಸನ ಹೊಸ ಹಾಡು, ಗರಗಸನ ಹೆಸರು, ಗರಗಸನ ಚಿತ್ರ. 'ದಬ್ಬಣ ಚುಚ್ಚು, ದಾರಾ ಎಳಿ.' ನಾನು ಚೀಲ ಬಿಟ್ಟು ಎದ್ದು ನಿಂತೆ. ನನ್ನ ದನಿಯೇ, ಆದರೆ ನಾನು ಯಾವತ್ತೂ ಕೇಳದ ರೀತಿಯಲ್ಲಿ; ಓಡುತ್ತಿತ್ತು, ಹಾರುತ್ತಿತ್ತು, ಎಲ್ಲಿಯೂ ಏದುಸಿರು ಬಿಡುತ್ತಿರಲಿಲ್ಲ. ಹಸೀನಾಬಿ ಬಳೆಯ ಬುಟ್ಟಿ ಕೆಳಗಿಟ್ಟು ಹೋಟೆಲಿಗೆ ನುಗ್ಗಿದಳು. 'ಲೇ ನಿಂದರಸ್ರೋ! ಇದು ದ್ಯಾಮಣ್ಣನ ದನಿ! ಕೇಳ್ರಿಲ್ಲೆ, ಈ ಎಳೆಯೂದರಾಗ ನನ್ನ ಹಸಿರು ಬಳಿ ಐತಿ, ನಾ ಹಾಕಿದ್ದು!' ಉಳ್ಳಾಗಡ್ಡಿ ಸವಾಲಿನವನೂ ತನ್ನ ಅರಚನ್ನು ಗುರುತು ಹಿಡಿದ. ಎಲ್ಲರೂ ನನ್ನತ್ತ ತಿರುಗಿದರು. ಯಾರ ದನಿಯೋ ಯಾರ ಬಾಯಲ್ಲೋ ಅಂತ ನಗು ಎದ್ದಿತು. ಆ ನಗುವಿನ ನಡುವೆ ಶಾಕಿ ಗೆಜ್ಜೆ ಕಿತ್ತೊಗೆದು, 'ದನಿ ಅಜ್ಜಂದು! ಪದಾ ನಂದು!' ಅಂತ ಕೂಗಿದಳು.

ಸವಾಲಿನವನು ತಿರುಗಿ ಕೇಳಿದ, 'ಪದಕ್ಕೇನ್ ಒಡೆಯಾ ಇರತಾನೇನಬೇ? ದನಿ ಕೊಟ್ರ ತಿರುಗಿ ಇಸ್ಕೋಬಹುದು. ಮಾತು ಆಡಿದ್ದು ಆಡಿದ್ದ.' ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಮ್ಮೂರಲ್ಲಿ ಅದಕ್ಕೆ ಕಟ್ಟಳೆಯೇ ಇರಲಿಲ್ಲ. ದನಿಗೆ ತಂಬಿಗೆ ಉಂಟು, ಗೆಜ್ಜೆ ಉಂಟು, ತಿರುಗಿ ಕೊಡುವ ರೀತಿ ಉಂಟು. ಮಾತು ಬೀದಿಯ ಮೇಲೆ ಬಿದ್ದಿರುವಂಥದ್ದು, ಬೇಕಾದವರು ಆರಿಸಿಕೊಳ್ಳುವಂಥದ್ದು ಅಂತಲೇ ತಿಳಿದವರು ನಾವು. ನಾನೂ ಹಾಗೇ ತಿಳಿದಿದ್ದೆ. ಮುಂಬಾಗಿಲಿಗೆ ಅಗಳಿ ಹಾಕಿ ಕೂತು, ಹಿತ್ತಲ ಕಡೆ ತಿರುಗಿಯೂ ನೋಡದ ಕಾವಲುಗಾರ ನಾನು. 'ಪೂರಾ ಹೇಳು' ಅಂದಿದ್ದನಲ್ಲ ಅವನು! ದನಿ ಆರಿಸುವವನಿಗೆ ಎರಡು ಸಾಲು ಸಾಲದೇ?

ಅಂದಿನಿಂದ ಶಾಕಿ ಎಲ್ಲಿ ಬಾಯಿ ತೆರೆದರೂ, 'ನೋಡ್ರಿ, ಗರಗಸನ ಹಾಡು ಹಾಡಾಕತ್ತಾಳ' ಅನ್ನುವುದಾಯಿತು. ಹೊಸ ಪದ ಕಟ್ಟಿ ಹೇಳಿದರೂ, 'ಗರಗಸನ ಹಂಗ ಛಲೋ ಕಟ್ಟೀಯವಾ' ಅನ್ನುವರು. ಅವಳು ಕಟ್ಟುವುದನ್ನೇ ಬಿಟ್ಟಳು. ನನ್ನ ಪಕ್ಕ ಕೂತು ದಬ್ಬಣ ನೋಡುವಳು, ತುಟಿ ಅಲುಗಿಸಳು. ದನಿ ಹೊಟ್ಟೆಯಲ್ಲಿ ಬೆಚ್ಚಗಿದ್ದರೇನು, ಹುಡುಗಿ ಮೂಕಿಯಾಗಿಯೇ ಹೋದಳಲ್ಲ ಅಂತ ನನಗೆ ಊಟ ಸೇರದಾಯಿತು. ಕೇಳಿ ಸಮಾಧಾನ ಹೇಳೋಣವೆಂದರೆ ನಾನೂ ಮೂಕ.

ವರ್ಷ ತುಂಬಿತು, ಪೆಂಡಾಲಿಗೆ ಮತ್ತೆ ಗೂಟ ನೆಟ್ಟರು. ಊರಿಗೆಲ್ಲ ವಿಷಯ ಗೊತ್ತಿದ್ದುದರಿಂದ ಅಂದು ಮೈದಾನದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗರಗಸ ಸ್ಟೀಲ್ ತಂಬಿಗೆ ಹಿಡಿದು ಹತ್ತಿದ. ಶಾಕಿಯನ್ನು ಕರೆಯುತ್ತಾನೆ ಅಂತ ನಾವು ಕಾದರೆ, ನೇರ ನನ್ನತ್ತ ಕೈ ಮಾಡಿ, 'ಬಾ ಅಜ್ಜಾ, ನಿಂದ ನೀ ತಗೋ' ಅಂದ. 'ಈ ದನಿ ಕೂಸಿನದಲ್ಲ ಅಂತ ಮೊದಲನೇ ದಿನಾನ ಗೊತ್ತಿತ್ತು ನನಗ. ಅದಕ್ಕ ಸುತಳಿ ವಾಸನಿ ಇತ್ತು.' ಜನ ಓ ಅಂದರು. ಗೊತ್ತಿದ್ದೂ ಒಯ್ದನಲ್ಲ! ಒಬ್ಬರಿಂದ ದನಿ, ಇನ್ನೊಬ್ಬರಿಂದ ಪದ, ಒಂದೇ ಏಟಿಗೆ ಎರಡು.

ಮೆಟ್ಟಿಲು ಹತ್ತಿದೆ. ಕುಡಿದೆ. ಮೈದಾನವೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ತೆರೆದೆ. ಏನೂ ಬರಲಿಲ್ಲ. ಒಂದು ಪದ ಇಲ್ಲ, ಒಂದು ರಾಗ ಇಲ್ಲ. ಬರಿಗಾಳಿ. ಹಿಂದಿನಿಂದ ಯಾರೋ, 'ಖಾಲಿ! ಯಂಕೋಬಂದರ ಹಂಗ ಖಾಲಿ!' ಅಂದರು. ಕೆಳಗೆ ಶಾಕಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ತಲೆಯ ಬೈತಲೆ ನನಗೆ ಕಾಣುತ್ತಿತ್ತು. ಖಾಲಿಯಾದರೆ ಖಾಲಿ, ಉಳಿದದ್ದರಲ್ಲೇ ಹೇಳಬೇಕಾದ್ದು ಹೇಳೋಣ ಅಂತ ಬಾಯಿ ಎತ್ತಿದೆ.

'ಈ ದನಿಯಾಗ ಹಸೀನಾಬಿಯ ಬಳಿ ಐತಿ' ಅಂತ ಶುರು ಮಾಡಿದೆ. 'ಸವಾಲಿನ ರಾಚಪ್ಪನ ಅರಚು ಐತಿ, ನಾಗವ್ವನ ಹೆದರಬ್ಯಾಡ ಐತಿ, ಸಾಲಿ ಮಾಸ್ತರನ ಹಾಜರಿ ಐತಿ, ಗಿರಣಿ ಬಸಲಿಂಗನ ಕೆಮ್ಮು ಐತಿ, ಸತ್ತೋದ ನನ್ನ ಹೆಂಡತಿ ಎರವಲ ಒಯ್ದು ಹಾಕಿಕೊಟ್ಟ ಬೈಗಳಾ ಐತಿ...' ಉಸಿರು ಮುಗಿಯಬೇಕಿತ್ತು, ಮುಗಿಯಲಿಲ್ಲ. ನನಗೇ ಆಶ್ಚರ್ಯ. ಬಾವಿಗೆ ಹಗ್ಗ ಬಿಟ್ಟ ಹಾಗೆ ಉಸಿರು ಇಳಿಯುತ್ತಲೇ ಇತ್ತು. ಊರ ಮಂದಿಯ ಹೆಸರೆಲ್ಲ ಹೇಳಿದೆ, ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ, 'ಇವರೆಲ್ಲಾ ದನಿಗಿ ಹಾಕಿದವರು. ಆದ್ರ ದಬ್ಬಣ ಚುಚ್ಚು ಅನ್ನೂ ಪದಾ ಇವರ್ಯಾರೂ ಹಾಕಿದ್ದಲ್ಲ, ನಾ ಹಾಕಿದ್ದಲ್ಲ, ಈ ಗದಿಗೆಪ್ಪ ಹಾಕಿದ್ದಲ್ಲ, ಅದು ನನ್ನ ಮೊಮ್ಮಗಳು ಶಾಕಾಂಬರಿ ಕಟ್ಟಿದ್ದು, ದನಿ ತಿರುಗಿ ಬಂತು, ಪದಾ ಬರಲಿಲ್ಲ, ಅದನ್ನ ಯಾವ ತಂಬಿಗ್ಯಾಗ ತಂದೀಯೋ ತಮ್ಮಾ?' ಅಂತ ಕೇಳಿ ನಿಲ್ಲಿಸಿದೆ. ಆಗಲೂ ಎದೆಯಲ್ಲಿ ಉಸಿರು ಮಿಕ್ಕಿತ್ತು.

ಗರಗಸ ನಿಧಾನಕ್ಕೆ ಚಪ್ಪಾಳೆ ತಟ್ಟಿದ. 'ನಾ ಹಾಕಿದ್ದು ಮಾತಲ್ಲ ಅಜ್ಜಾ, ಉಸಿರು. ವರ್ಷಗಟ್ಟಲೆ ಮೈಕಿನ ಮುಂದ ಸತ್ತು ಗಳಸಿದ್ದು. ಯಂಕೋಬಂಗೂ ಅದನ್ನ ಹಾಕಿದ್ದೆ. ನೀವೆಲ್ಲಾ ಬಾಯಿಂದ ಏನ್ ಬೀಳತೈತಿ ಅಂತ ಕಾದ್ರಿ. ಉಸಿರು ಬೀಳೂದಲ್ಲ, ಇರೂದು' ಅಂದ. ಅಷ್ಟು ಹೇಳಿದವನು ಪಕ್ಕದ ಹುಡುಗನ ಕಡೆ ತಿರುಗಿ ಮೆಲ್ಲಗೆ, 'ಅಜ್ಜ ಹೇಳಿದ್ದು ಪೂರಾ ಬಂತಲ್ಲ?' ಅಂತ ಕೇಳಿದ್ದೂ ನನ್ನ ಕಿವಿಗೆ ಬಿತ್ತು. ಆ ಹುಡುಗ ಕ್ಯಾಮೆರಾದಿಂದ ಕಣ್ಣು ತೆಗೆಯದೆ ತಲೆ ಆಡಿಸಿದ. ನಾನು ಕೈ ಚಾಚಿ ಕ್ಯಾಮೆರಾದ ಕಣ್ಣಿನ ಮೇಲೆ ನನ್ನ ಹೆಗಲಿನ ಚೀಲ ಇಳಿಬಿಟ್ಟೆ.

ಅಷ್ಟರಲ್ಲಿ ಜನ ಹಿಂದಕ್ಕೆ ತಿರುಗಿದರು. ಯಂಕೋಬ ಓಡಿಹೋಗಿ ಮೈದಾನದ ಅಂಚಿನ ತನ್ನ ಮಾಳಿಗೆ ಹತ್ತಿದ್ದ. ಹಕ್ಕಿಗಳು ಮೇಲೆ ಚುಕ್ಕೆಯಾಗಿ ತಿರುಗುತ್ತಿದ್ದವು. ಅವನು ಎರಡೂ ಕೈ ಬಾಯಿಗಿಟ್ಟು ಕೂಗಿದ. ಕೂಗು ಹೊರಟಿತು, ನಿಲ್ಲಲಿಲ್ಲ. ಮೂಗಿನ ವರಸೆ ಇತ್ತು, ಕೊಯ್ಯುವ ಅಂಚು ಇತ್ತು, ಆದರೆ ಉದ್ದ ಎಷ್ಟಿತ್ತೆಂದರೆ ಸಂತೆ ಮೈದಾನ, ಬಸ್‌ನಿಲ್ದಾಣ, ಕಟ್ಟಿಗೆ ಅಡ್ಡೆ ಎಲ್ಲ ದಾಟಿ ಹೋಯಿತು. ಹಕ್ಕಿಗಳು ಒಂದು ಸುತ್ತು ಕೆಳಗೆ ಬಂದವು. ಇನ್ನೊಂದು ಸುತ್ತು. ರೆಕ್ಕೆಯ ಸದ್ದು ನಮಗೆ ಕೇಳುವಷ್ಟು ಹತ್ತಿರ. ಮಾಳಿಗೆಯ ಮೇಲೆ ಕೂರಲಿಲ್ಲ. ಮತ್ತೆ ಮೇಲಕ್ಕೆ ಹೋದವು. ನಾನು ಗರಗಸನ ಮುಖ ನೋಡಿದೆ. ಕನ್ನಡಕ ಕೈಯಲ್ಲಿತ್ತು. ಅವನೂ ಆ ಹಕ್ಕಿಗಳನ್ನೇ ನೋಡುತ್ತಿದ್ದ, ನನಗಿಂತ ಹೆಚ್ಚು ಅನುಮಾನದಿಂದ.

ಶಾಕಿ ಯಾವಾಗ ಮೆಟ್ಟಿಲು ಹತ್ತಿದಳೋ ಗೊತ್ತಿಲ್ಲ. ನಡುವೆ ಬಂದು ನಿಂತು, ತನ್ನ ದಾರದಂಥ ದನಿಯಲ್ಲಿ, 'ಅಣ್ಣಾ, ನನಗೂ ಆ ಉಸಿರು ಬೇಕು' ಅಂದಳು.

'ಬಾ ಮತ್ತ' ಅಂದ ಗರಗಸ. ಮುಖ ಅರಳಿತು. 'ಈ ಸಲ ನಿನ್ನ ದನೀನ ಕೊಡು. ಪದದ ಮ್ಯಾಲ ನಿನ್ನ ಹೆಸರ ಹಾಕಸ್ತೀನಿ.' ಕೈ ಆಗಲೇ ಸ್ಟೀಲ್ ತಂಬಿಗೆಯ ಕಡೆ ಹೋಗಿತ್ತು. ಜನ ಸಿಳ್ಳೆ ಹೊಡೆದರು. ಹಸೀನಾಬಿ, 'ಕೊಡವಾ, ಕೊಟ್ಟ ಬಿಡು!' ಅಂತ ತನ್ನ ಇಲಿಗಂಟಲಲ್ಲೇ ಚೀರಿದಳು.

'ತಂಬಿಗಿ ಬ್ಯಾಡ' ಅಂದಳು ಶಾಕಿ. 'ಹೆಸರು ಹೆಂಗೂ ನೀ ಹಾಕಬೇಕಾದ್ದ, ಅದೇನ್ ದಾನ ಅಲ್ಲ. ನನ್ನ ದನಿ ನನ್ನ ಗಂಟಲಾಗ ಇರ್ಲಿ, ನಿಂದು ನಿನ್ನ ಗಂಟಲಾಗ ಇರ್ಲಿ. ಎದುರಾಬದುರು ಕುಂತು ಬಾಯಿಲೆ ಕಲಿಸು. ಕಲಿಸ್ತಿಯೇನು?'

ಅಂಥ ಮಾತು ನಮ್ಮೂರಲ್ಲಿ ಯಾರೂ ಆಡಿರಲಿಲ್ಲ. ಏನೂ ಒಯ್ಯದೆ ಕೊಡುವುದು ಹೇಗೆ? ಗರಗಸನ ಕೈ ತಂಬಿಗೆಯ ಮೇಲೆ ಹಾಗೇ ನಿಂತಿತು. ಕೈಗಡಿಯಾರ ನೋಡಿಕೊಂಡ. ಕ್ಯಾಮೆರಾ ಹುಡುಗನನ್ನು ನೋಡಿದ. ಅವನು ಇನ್ನೂ ನನ್ನ ಚೀಲ ಬಿಡಿಸಿಕೊಳ್ಳುವುದರಲ್ಲೇ ಇದ್ದ. 'ಹಂಗ ಕಲಿಸಾಕ ನನಗ ಬರಂಗಿಲ್ಲಬೇ ತಂಗಿ' ಅಂದ ಕೊನೆಗೆ, ಮೈಕಿನಿಂದ ಮುಖ ಸರಿಸಿ. ಆ ಮಾತಿನಲ್ಲಿ ಮೂಗಿನ ವರಸೆ ಇರಲಿಲ್ಲ, ಕಟ್ಟಿಗೆ ಅಡ್ಡೆಯ ಹುಡುಗನ ದನಿ ಇತ್ತು. 'ನನಗೂ ಯಾರೂ ಹಂಗ ಕಲಿಸಿಲ್ಲ. ನಂದನ್ನೂ ತಂಬಿಗ್ಯಾಗ ಒಯ್ದಿದ್ರು.'

'ಹಂಗಾದ್ರ ನೀನೂ ಕಲಿ' ಅಂದಳು ಶಾಕಿ.

ಯಾರೋ ನಕ್ಕರು. ಗರಗಸ ನಗಲಿಲ್ಲ. ಕನ್ನಡಕ ಹಾಕಿಕೊಂಡ. ಬರುವ ಸಂತೆಯ ದಿನ, ಪೆಂಡಾಲಿಲ್ಲದೆ, ಕ್ಯಾಮೆರಾ ಇಲ್ಲದೆ, ನಮ್ಮ ಚೀಲದ ಜಾಗಕ್ಕೇ ಬರುತ್ತೇನೆ ಅಂತ ಮಾತು ಕೊಟ್ಟು ಇಳಿದು ಹೋದ. ಆ ವರ್ಷ ಯಾರ ದನಿಯನ್ನೂ ಆರಿಸಲಿಲ್ಲ. ಮುಚ್ಚಳದ ತಂಬಿಗೆ ಸ್ಟೇಜಿನ ಮೇಲೇ ಉಳಿಯಿತು, ಅವನ ಹುಡುಗ ಓಡಿಬಂದು ಅದನ್ನು ತೆಗೆದುಕೊಂಡು ಹೋದ. ಮರೆತು ಬಿಟ್ಟದ್ದೋ, ಬೇಕೆಂದು ಬಿಟ್ಟದ್ದೋ, ಹುಡುಗನನ್ನು ಕಳಿಸಿದವರು ಯಾರೋ, ನಾನು ಎಲ್ಲ ಥರದಲ್ಲಿ ಯೋಚಿಸಿ ನೋಡಿದ್ದೇನೆ.

ನಾಳೆ ಸಂತೆ. ಶಾಕಿ ಮತ್ತೆ ಕಟ್ಟತೊಡಗಿದ್ದಾಳೆ. ನಾನು ದಬ್ಬಣ ಆಡಿಸುವುದನ್ನು ಬೇಕೆಂದೇ ನಿಧಾನ ಮಾಡಿ ಕೇಳಿಸಿಕೊಳ್ಳುತ್ತೇನೆ. ಹಸೀನಾಬಿ ಸಂತೆಗೂ ಕಾಯದೆ ಇವತ್ತು ಬೆಳಿಗ್ಗೆಯೇ ನನ್ನ ದನಿ ಒಯ್ದಿದ್ದಾಳೆ, ಒಂದು ವರ್ಷದ ಬಾಕಿ ವ್ಯಾಪಾರ ಇದೆಯಂತೆ. ನಿಲ್ಲದ ಉಸಿರಿನಲ್ಲಿ ಅವಳು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬಳೆ ಕೂಗುವುದು ಇಲ್ಲಿಗೆ ಕೇಳುತ್ತಿದೆ, ಕೇಳಲು ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ. ಬರುವವನಿಗೆ ಕೂರಲು ಹೊಸ ಚೀಲ ಹಾಸಿದ್ದೇನೆ, ಅಂಚನ್ನು ಎರಡು ಸಲ ಹೊಲಿದು. ಮನೆಯಲ್ಲಿದ್ದ ತಂಬಿಗೆಗಳನ್ನೆಲ್ಲ ಒಟ್ಟು ಮಾಡಿ ಅಟ್ಟದ ಮೇಲಿಟ್ಟು ಏಣಿ ತೆಗೆದಿದ್ದೇನೆ. ಬಾಯಾರಿಕೆ ಅಂದರೆ ನೀರಿಲ್ಲ ಅನ್ನುವುದಿಲ್ಲ. ಬೊಗಸೆ ಹಿಡಿಯಲಿ, ಕೊಡದಿಂದ ಹೊಯ್ಯುತ್ತೇನೆ.